500 ರೂಪಾಯಿ ಒಳಗಿನ ಇಯರ್‌ಬಡ್ಸ್ ಇನ್ನು ನಮ್ಮಲ್ಲಿ ಸಿಗುವುದಿಲ್ಲ: ಗ್ರಾಹಕರಿಗೆ ಒಂದು ಪತ್ರ

ನಮ್ಮ ಎಲ್ಲ ಗ್ರಾಹಕರಿಗೆ ನಮಸ್ಕಾರ.

ಬರುವ ತಿಂಗಳ 1ನೇ ತಾರೀಕಿನಿಂದ ತುಮಕೂರಿನ ನಮ್ಮ ಅಂಗಡಿಯಲ್ಲಿ 500 ರೂಪಾಯಿ ಒಳಗಿನ ವೈರ್‌ಲೆಸ್ ಇಯರ್‌ಬಡ್ಸ್ ಮಾರುವುದಿಲ್ಲ. 900ರಿಂದ 1,800 ರೂಪಾಯಿವರೆಗಿನ ಕೆಲವೇ ಕೆಲವು ಮಾಡೆಲ್ ಇಡುತ್ತೇವೆ. ಅವನ್ನು ಮೊದಲು ನಾವು ಬಳಸಿ ನೋಡಿರುತ್ತೇವೆ. ಕೊಳ್ಳುವ ಮುಂಚೆ ನೀವೂ ಕಿವಿಗೆ ಹಾಕಿಕೊಂಡು ನೋಡಬಹುದು. ಹಾಡು ಕೇಳಿ, ಮನೆಗೆ ಒಂದು ಕಾಲ್ ಮಾಡಿ, ಸರಿ ಅನ್ನಿಸಿದರೆ ಆಮೇಲೆ ಬಿಲ್.

ಅಗ್ಗದ ಪೀಸ್ ಕೇಳಿಕೊಂಡು ಬಂದು, ಇನ್ನು ತರಿಸುವುದಿಲ್ಲ ಅಂತ ಕೇಳಿ ಬರಿಗೈಲಿ ವಾಪಸ್ ಹೋದವರಿಗೆ ಬೇಜಾರಾಗಿದೆ ಅಂತ ಗೊತ್ತು. ದಯವಿಟ್ಟು ಕ್ಷಮಿಸಿ. ಕೆಲವರು ಮುಖಕ್ಕೇ ಹೇಳಿದರು, "ಬಡವರ ಸಾಮಾನು ತೆಗೆದುಬಿಟ್ರಿ, ಈಗ ನೀವು ದೊಡ್ಡೋರಾಗಿಬಿಟ್ರಿ" ಅಂತ. ಆ ಮಾತು ನಮಗೆ ನಾಟಿದೆ. ಯಾಕೆ ಈ ಬದಲಾವಣೆ ಅಂತ ನಿಮಗೆ ಸರಿಯಾಗಿ ಹೇಳಲೇಬೇಕು.

350, 400 ರೂಪಾಯಿಯ ಬಡ್ಸಿನ ಬಾಕ್ಸನ್ನು ಒಮ್ಮೆ ತಿರುಗಿಸಿ ನೋಡಿ. ಹೊರದೇಶದ ಮಾಲಾದರೆ ತರಿಸಿದವರ ಹೆಸರು, ವಿಳಾಸ ಅದರ ಮೇಲೆ ಇರಬೇಕು. ಎಷ್ಟೋ ಬಾಕ್ಸುಗಳಲ್ಲಿ ಅದೇ ಇರುವುದಿಲ್ಲ. ಒಳಗಿರುವ ಬ್ಯಾಟರಿಗೆ ಬಿಐಎಸ್ (ಸಾಮಾನಿನ ಗುಣಮಟ್ಟ ನೋಡುವ ಕೇಂದ್ರ ಸರ್ಕಾರದ ಸಂಸ್ಥೆ) ನೋಂದಣಿ ಕಡ್ಡಾಯ, 'ಆರ್' ಅಕ್ಷರದಿಂದ ಶುರುವಾಗುವ ಒಂದು ನಂಬರ್ ಬರುತ್ತದೆ. ಬಿಐಎಸ್ ಕೇರ್ ಅನ್ನುವ ಆ್ಯಪ್‌ನಲ್ಲಿ ಆ ನಂಬರ್ ಹಾಕಿದರೆ ಅದು ಯಾರ ಹೆಸರಿನಲ್ಲಿದೆ ಅಂತ ತೋರಿಸುತ್ತದೆ. ಇನ್ನು ಮುಂದೆ ಆ ನಂಬರ್ ಸಿಗದ ಮಾಲನ್ನು ನಾವು ಕೌಂಟರಿಗೆ ತರುವುದಿಲ್ಲ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಯಾದ ಎಸ್.ಪಿ. ರೋಡಿನಲ್ಲಿ ಅಂಥ ಮಾಲು ಬೇಕಾದಷ್ಟು ಸಿಗುತ್ತದೆ, ಅದರಲ್ಲಿ ಅಂಗಡಿಯವನಿಗೆ ಸಿಗುವ ಲಾಭವೂ ಜಾಸ್ತಿ. ಲಾಭಕ್ಕೋಸ್ಕರ ಬಿಟ್ಟಿದ್ದೀರಿ ಅನ್ನುವವರು ಇದನ್ನು ದಯವಿಟ್ಟು ಗಮನಿಸಬೇಕು. ಕಿವಿಯೊಳಗೆ ಇಟ್ಟುಕೊಳ್ಳುವ ಸಾಮಾನು ಅದು. ಅದರಲ್ಲಿ ಲಿಥಿಯಂ ಬ್ಯಾಟರಿ ಇದೆ. ಯಾರು ಮಾಡಿದ್ದು ಅಂತಲೇ ಗೊತ್ತಿಲ್ಲದ್ದನ್ನು ನಿಮ್ಮ ಮಕ್ಕಳ ಕೈಗೆ ಕೊಡಲು ನಮಗೆ ಮನಸ್ಸು ಬರುತ್ತಿಲ್ಲ.

ಬಡವರ ಸಾಮಾನಿನ ಮಾತಿಗೆ ಬಂದರೆ, ವೈರ್ ಇರುವ ಇಯರ್‌ಫೋನ್ ನಮ್ಮಲ್ಲಿ ಮೊದಲಿನಂತೆಯೇ ಇದೆ. 150ರಿಂದ 300 ರೂಪಾಯಿ. 3.5 ಎಂಎಂ ಪಿನ್ನಿನದೂ ಇದೆ, ಟೈಪ್-ಸಿ ಪಿನ್ನಿನದೂ ಇದೆ. 400 ರೂಪಾಯಿ ಮಾತ್ರ ಖರ್ಚು ಮಾಡಬಲ್ಲೆ ಅನ್ನುವವರಿಗೆ ನಾವು ಅದನ್ನೇ ಕೊಡುತ್ತೇವೆ, ಕೈಹಿಡಿದು ಹೇಳಿ ಕೊಡುತ್ತೇವೆ. ಆ ದುಡ್ಡಿಗೆ ಯಾವ ವೈರ್‌ಲೆಸ್ಸೂ ಅಷ್ಟು ಚೆನ್ನಾಗಿ ಕೇಳಿಸುವುದಿಲ್ಲ. ಚಾರ್ಜ್ ಮಾಡುವ ತಾಪತ್ರಯವೂ ಇಲ್ಲ.

ಈಗ ಎಲ್ಲಕ್ಕಿಂತ ಜಾಸ್ತಿ ಕೇಳಿಬಂದ ದೂರಿಗೆ ಬರುತ್ತೇನೆ. "ಹಾಡು ಚೆನ್ನಾಗಿ ಕೇಳುತ್ತೆ, ಫೋನಲ್ಲಿ ಮಾತಾಡಿದರೆ ಆ ಕಡೆಯವರಿಗೆ ಏನೂ ಕೇಳಿಸಲ್ಲ. ಡಿಫೆಕ್ಟ್ ಪೀಸ್ ಕೊಟ್ಟಿದ್ದೀರಿ." ಬೆಂಗಳೂರಿಗೆ ದಿನಾ ರೈಲಲ್ಲಿ ಓಡಾಡುವವರು ಹೇಳಿದ್ದಾರೆ, ಕಾಲೇಜು ಹುಡುಗರು ಹೇಳಿದ್ದಾರೆ, ಡೆಲಿವರಿ ಕೆಲಸದ ತಮ್ಮಂದಿರು ಸಿಟ್ಟಿನಿಂದಲೇ ಹೇಳಿದ್ದಾರೆ. ವಾಪಸ್ ಬಂದ ಪೀಸುಗಳನ್ನು ಅಂಗಡಿಯೊಳಗೆ ಕೂತು ಹಾಕಿ ನೋಡಿದರೆ ಬಹುಪಾಲು ಸರಿಯಾಗಿಯೇ ಇರುತ್ತವೆ. ಹಾಗಾದರೆ ತೊಂದರೆ ಎಲ್ಲಿ?

ಮೊದಲನೆಯದು, ಮೈಕ್ ಇರುವ ಜಾಗ. ವೈರ್ ಇಯರ್‌ಫೋನಿನ ಮೈಕ್ ಗಲ್ಲದ ಹತ್ತಿರ ನೇತಾಡುತ್ತದೆ. ಬಡ್ಸಿನ ಮೈಕ್ ಕಿವಿಯಲ್ಲೇ ಇರುತ್ತದೆ. ನಿಮ್ಮ ಬಾಯಿಯ ಮಾತು ಅಷ್ಟು ದೂರ ಹೋಗಬೇಕು, ರಸ್ತೆಯ ಗಲಾಟೆ ಮಾತ್ರ ನೇರ ಅದಕ್ಕೆ ಬಡಿಯುತ್ತದೆ. ಗಾಳಿ ಬೀಸಿದರಂತೂ ಮುಗಿದೇಹೋಯಿತು. ಎರಡನೆಯದು ಬ್ಲೂಟೂತಿನ ಸಂಗತಿ. ಹಾಡು ಕೇಳುವಾಗ ಧ್ವನಿ ಒಂದೇ ಕಡೆ ಬರುತ್ತದೆ, ಸಾಮಾನ್ಯವಾಗಿ ಸೆಕೆಂಡಿಗೆ 44,100 ಸ್ಯಾಂಪಲ್ (ಧ್ವನಿಯ ಸಣ್ಣ ಸಣ್ಣ ತುಣುಕು) ಲೆಕ್ಕದಲ್ಲಿ. ತುಣುಕು ಜಾಸ್ತಿ ಇದ್ದಷ್ಟೂ ಧ್ವನಿ ತುಂಬಿಕೊಂಡು ಕೇಳುತ್ತದೆ. ಕಾಲ್ ಬಂದ ಕೂಡಲೇ ಮೈಕ್ ಆನ್ ಆಗಬೇಕು, ಧ್ವನಿ ಎರಡೂ ಕಡೆ ಓಡಾಡಬೇಕು. ಆಗ ಬ್ಲೂಟೂತ್ ಬೇರೆ ಮೋಡಿಗೆ ಹೋಗುತ್ತದೆ. ಮಾಮೂಲಿ ಕಾಲ್‌ನಲ್ಲಿ ಅದು 16,000ಕ್ಕೆ, ಕೆಲವು ಸಲ 8,000ಕ್ಕೆ ಇಳಿಯುತ್ತದೆ. ಈಗ ತಾನೇ ತುಂಬಿಕೊಂಡು ಕೇಳುತ್ತಿದ್ದ ಧ್ವನಿ ಕಾಲ್ ಎತ್ತಿದ ತಕ್ಷಣ ಡಬ್ಬದೊಳಗಿಂದ ಬಂದಂತೆ ಆಗುವುದು ಇದಕ್ಕೇ. ದುಬಾರಿ ಬಡ್ಸಿನಲ್ಲೂ ಬಹುಪಾಲು ಹೀಗೇ. ಅದು ಡಿಫೆಕ್ಟ್ ಅಲ್ಲ.

ಮೂರನೆಯದು ಬಾಕ್ಸ್ ಮೇಲಿನ ಅಕ್ಷರಗಳು. ಎಎನ್‌ಸಿ ಅಂದರೆ ಹೊರಗಿನ ಸದ್ದು ನಿಮ್ಮ ಕಿವಿಗೆ ಬರದಂತೆ ತಡೆಯುವುದು. ಇಎನ್‌ಸಿ ಅಂದರೆ ನಿಮ್ಮ ಸುತ್ತಲಿನ ಗಲಾಟೆ ಆ ಕಡೆಯವರಿಗೆ ಕೇಳದಂತೆ ಮೈಕಿನಲ್ಲಿ ಸೋಸುವುದು. ಎರಡೂ ಬೇರೆ ಬೇರೆ ಕೆಲಸ. ಎಎನ್‌ಸಿ ಇದೆ ಅಂತ ಕೊಂಡು, ಕಾಲ್ ಚೆನ್ನಾಗಿರುತ್ತದೆ ಅಂದುಕೊಂಡವರೇ ಜಾಸ್ತಿ. ಇಎನ್‌ಸಿಯನ್ನೂ ಪೂರ್ತಿ ನಂಬಬೇಡಿ. ಕಡಿಮೆ ಬೆಲೆಯ ಬಡ್ಸಿನಲ್ಲಿ ಅದು ಗಲಾಟೆಯ ಜೊತೆ ನಿಮ್ಮ ಮಾತನ್ನೂ ಕತ್ತರಿಸುತ್ತದೆ, ಮಾತಿನ ಕೊನೆ ಕೊನೆ ನುಂಗಿಹೋಗುತ್ತದೆ.

ಹಾಗಾಗಿ ಇನ್ನು ಮುಂದೆ ಟ್ರಯಲ್ ಅಂದರೆ ಅಂಗಡಿಯೊಳಗೆ ಕೂತು ಹಾಡು ಕೇಳುವುದಷ್ಟೇ ಅಲ್ಲ. ಡೆಮೊ ಪೀಸ್ ಹಾಕಿಕೊಂಡು ಹೊರಗೆ ರಸ್ತೆಗೆ ಹೋಗಿ. ಬಸ್ಸು, ಆಟೋ ಹಾರ್ನ್ ಹೊಡೆಯುತ್ತಿರುವಾಗಲೇ ಮನೆಯವರಿಗೆ ಫೋನ್ ಮಾಡಿ. "ನಾನು ಹೇಳಿದ್ದು ತಿಳೀತಾ?" ಅಂತ ಅವರನ್ನೇ ಕೇಳಿ. ನಮ್ಮ ಮಾತಿಗಿಂತ ಅವರ ಮಾತು ದೊಡ್ಡದು. ಇಡೀ ದಿನ ಕಾಲ್‌ನಲ್ಲೇ ಇರುವ ಕೆಲಸವಾದರೆ ಬಡ್ಸ್ ಬೇಡ, ನೆಕ್‌ಬ್ಯಾಂಡ್ ಅಥವಾ ವೈರ್ ತೆಗೆದುಕೊಳ್ಳಿ ಅಂತ ನಾವೇ ಹೇಳುತ್ತೇವೆ. ಬೈಕ್ ಓಡಿಸುತ್ತಾ ಮಾತಾಡಲು ಯಾವುದು ಒಳ್ಳೆಯದು ಅಂತ ಕೇಳುವವರಿಗೆ ಮಾತ್ರ ನಮ್ಮ ಉತ್ತರ ಒಂದೇ. ಯಾವುದೂ ಬೇಡ. ಗಾಡಿ ನಿಲ್ಲಿಸಿ ಮಾತಾಡಿ.

ಗಂಟೆಯ ಲೆಕ್ಕದ ಬಗ್ಗೆಯೂ ಒಂದು ಮಾತು. ಬಾಕ್ಸ್ ಮೇಲೆ 40 ಗಂಟೆ, 50 ಗಂಟೆ ಅಂತ ಇರುವುದು ಕೇಸಿನ (ಬಡ್ಸ್ ಇಟ್ಟು ಚಾರ್ಜ್ ಮಾಡುವ ಡಬ್ಬಿಯ) ಬ್ಯಾಟರಿಯನ್ನೂ ಸೇರಿಸಿ, ಅದೂ ವಾಲ್ಯೂಮ್ ಅರ್ಧದ ಆಸುಪಾಸಿನಲ್ಲಿಟ್ಟು. ಒಂದೊಂದು ಬಡ್ಸಿನಲ್ಲಿ ಇರುವುದು ಸಾಮಾನ್ಯವಾಗಿ 30ರಿಂದ 50 ಎಂಎಎಚ್‌ನ ಪುಟ್ಟ ಬ್ಯಾಟರಿ. ಒಮ್ಮೆ ಚಾರ್ಜ್ ಮಾಡಿದರೆ ಕಿವಿಯಲ್ಲಿ ಎಷ್ಟು ಹೊತ್ತು ಬರುತ್ತದೆ ಅನ್ನುವುದು ಮುಖ್ಯ, ಅಲ್ವಾ? ನಾವು ಇಡುವ ಪ್ರತಿ ಮಾಡೆಲ್ ಪಕ್ಕ ಆ ಗಂಟೆಯನ್ನೇ ಚೀಟಿಯಲ್ಲಿ ಬರೆದು ಅಂಟಿಸುತ್ತೇವೆ, ನಾವು ಬಳಸಿದಾಗ ಬಂದಷ್ಟು. ನೀರಿನ ವಿಷಯವೂ ಅಷ್ಟೇ. ಐಪಿಎಕ್ಸ್4 ಅಂದರೆ ಬೆವರು, ತುಂತುರು ತಡೆಯುತ್ತದೆ ಅಂತ. ಜೇಬಿನಲ್ಲಿಟ್ಟು ಬಟ್ಟೆ ಒಗೆದರೆ ಉಳಿಯುವುದಿಲ್ಲ.

ರೈಲಿನವರಿಗೆ ಒಂದು ಕಿವಿಮಾತು. ಎಎನ್‌ಸಿ ರೈಲಿನ ಗುಂಯ್ ಅನ್ನುವ ಸದ್ದನ್ನು ಕಡಿಮೆ ಮಾಡುತ್ತದೆ, ಪಕ್ಕದ ಸೀಟಿನವರ ಮಾತನ್ನು ಅಷ್ಟಾಗಿ ಅಲ್ಲ. ಅದಕ್ಕೆ ದುಡ್ಡು ಹಾಕುವ ಮುಂಚೆ ಬಾಕ್ಸಿನಲ್ಲಿ ಬರುವ ಮೂರು ಅಳತೆಯ ರಬ್ಬರ್ ಟಿಪ್ ಹಾಕಿ ನೋಡಿ. ಎಷ್ಟೋ ಜನ ಮೊದಲೇ ಹಾಕಿ ಬಂದಿರುವ ನಡುವಿನ ಅಳತೆಯನ್ನೇ ಬಳಸುತ್ತಾರೆ, ಉಳಿದೆರಡು ಕವರ್ ಸಮೇತ ಡ್ರಾಯರಿನಲ್ಲಿರುತ್ತವೆ. ಕಿವಿಗೆ ಸರಿಯಾಗಿ ಕೂರುವ ಟಿಪ್ ಹಾಕಿದರೆ ಬೇಸ್ ಕೂಡ ಬರುತ್ತದೆ, ಹೊರಗಿನ ಸದ್ದೂ ಇಳಿಯುತ್ತದೆ. ಆಗ ವಾಲ್ಯೂಮ್ ಅಷ್ಟು ಏರಿಸಬೇಕಾಗಿಲ್ಲ, ಕಿವಿಗೂ ಒಳ್ಳೆಯದು. 80 ಡೆಸಿಬಲ್ ಸದ್ದಾದರೆ ವಾರಕ್ಕೆ 40 ಗಂಟೆ ಮೀರಬಾರದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಇನ್ನು ಬೆಲೆ. "ಇದೇ ಪೀಸ್ ಆನ್‌ಲೈನ್‌ನಲ್ಲಿ 899, ನಿಮ್ಮಲ್ಲಿ ಯಾಕೆ 1,099?" ಅಂತ ಫೋನ್ ತೋರಿಸುತ್ತಾರೆ. ತೋರಿಸಿ, ತಪ್ಪೇನಿಲ್ಲ. ಆದರೆ ಆ 1,099ರಲ್ಲಿ ಸುಮಾರು 168 ರೂಪಾಯಿ ಜಿಎಸ್‌ಟಿ, ಶೇ. 18. ಅದು ಅವರಿಗೂ ಇದೆ ಅನ್ನುತ್ತೀರಿ, ನಿಜ. ಸೇಲ್ ದಿನಗಳಲ್ಲಿ ನಿಮಗೆ ಅಲ್ಲಿ ಸಿಗುವ ಬೆಲೆ ಕೆಲವು ಸಲ ಡಿಸ್ಟ್ರಿಬ್ಯೂಟರ್ ನಮಗೆ ಕೊಡುವ ಬೆಲೆಗಿಂತಲೂ ಕಡಿಮೆ ಇರುತ್ತದೆ. ಅದಕ್ಕೆ ನಾವೇನು ಮಾಡೋಣ? ಸಾವಿರಗಟ್ಟಲೆ ಪೀಸ್ ಎತ್ತುವವರ ಜೊತೆ ಒಂದು ಸಲಕ್ಕೆ ಹತ್ತು ಪೀಸ್ ತರುವ ಅಂಗಡಿಯನ್ನು ತೂಗುವುದು ಸರಿಯಲ್ಲ. ಪ್ರತಿ ಮಾಡೆಲ್‌ಗೆ ಒಂದು ಪೀಸ್ ಡೆಮೊಗೆ ಒಡೆಯಬೇಕು. ಬಾಕ್ಸ್ ಒಡೆದ ಪೀಸನ್ನು ಡಿಸ್ಟ್ರಿಬ್ಯೂಟರ್ ವಾಪಸ್ ತೆಗೆದುಕೊಳ್ಳುವುದಿಲ್ಲ, ಅದನ್ನು ಹೊಸದು ಅಂತ ನಾವು ಮಾರುವುದೂ ಇಲ್ಲ. ಒಬ್ಬರು ಹಾಕಿ ನೋಡಿದ ಮೇಲೆ ಸ್ಪಿರಿಟ್‌ನಲ್ಲಿ ಒರೆಸಿ, ಟಿಪ್ ಬದಲಿಸಿಯೇ ಇನ್ನೊಬ್ಬರಿಗೆ ಕೊಡುತ್ತೇವೆ. ಸರ್ವಿಸ್ ಸೆಂಟರಿಗೆ ಕಳಿಸುವ ಕೊರಿಯರ್ ಖರ್ಚು ನಮ್ಮದೇ. ಹೆಚ್ಚಿನ 200 ಹೋಗುವುದು ಇದಕ್ಕೆಲ್ಲ. ಬಾಕ್ಸ್ ಮೇಲೆ 3,999 ಅಂತ ಎಂಆರ್‌ಪಿ ಹಾಕಿರುವುದು ಕಂಪನಿ. ಅದನ್ನು ತೋರಿಸಿ "ಮುಕ್ಕಾಲು ಭಾಗ ಡಿಸ್ಕೌಂಟ್" ಅಂತ ಬೋರ್ಡ್ ಹಾಕುವ ಅಂಗಡಿ ನಮ್ಮದಲ್ಲ.

ಆ 200ಕ್ಕೆ ನಿಮಗೆ ಸಿಗುವುದೇನು ಅಂತಲೂ ಹೇಳುತ್ತೇವೆ. 15 ದಿನದೊಳಗೆ ಧ್ವನಿ, ಮೈಕ್, ಚಾರ್ಜಿಂಗ್ ಏನೇ ತೊಂದರೆ ಬಂದರೂ ಕೌಂಟರಿನಲ್ಲೇ ಬೇರೆ ಪೀಸ್. ಅದಾದ ಮೇಲೆ ಕಂಪನಿ ವಾರಂಟಿ ಇರುವವರೆಗೆ ನಾವೇ ಸರ್ವಿಸ್ ಸೆಂಟರಿಗೆ ಕಳಿಸಿ ತರಿಸುತ್ತೇವೆ, ನೀವು ಓಡಾಡಬೇಕಾಗಿಲ್ಲ. "ಒಂದು ಸೈಡ್ ಕೇಳ್ತಿಲ್ಲ" ಅಂತ ಬರುವವರ ಪೀಸನ್ನು ಮೊದಲು ದೀಪದ ಕೆಳಗೆ ಹಿಡಿಯುತ್ತೇವೆ. ರಬ್ಬರ್ ಟಿಪ್ ತೆಗೆದರೆ ಕೆಳಗಿನ ಸಣ್ಣ ಜಾಲರಿಯಲ್ಲಿ ಕಿವಿಯ ಗುಗ್ಗೆ ಕೂತಿರುತ್ತದೆ. ಬಡ್ಸನ್ನು ತಲೆಕೆಳಗಾಗಿ ಹಿಡಿದು ಒಣ ಬ್ರಷ್‌ನಲ್ಲಿ ಮೆಲ್ಲಗೆ ಉಜ್ಜಬೇಕು, ಇಲ್ಲದಿದ್ದರೆ ಕಸ ಒಳಗೇ ಹೋಗುತ್ತದೆ. ಕೇಸಿನ ಚಾರ್ಜಿಂಗ್ ಪಿನ್ನನ್ನೂ ಹತ್ತಿಯಿಂದ ಒರೆಸುತ್ತೇವೆ. ಎಷ್ಟೋ 'ಸತ್ತ' ಬಡ್ಸ್ ಹೀಗೆ ಮತ್ತೆ ಹಾಡಿವೆ. ಇದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ. ಆನ್‌ಲೈನ್‌ನಲ್ಲಿ ಕೊಂಡಿದ್ದರೂ ತನ್ನಿ, ಮಾಡಿಕೊಡುತ್ತೇವೆ.

ನಮ್ಮಲ್ಲಿ ಈಗಾಗಲೇ 500ರ ಒಳಗಿನ ಪೀಸ್ ಕೊಂಡವರು ಗಾಬರಿಯಾಗಬೇಡಿ. ಕೊಡುವಾಗ ಹೇಳಿದ ಮೂರು ತಿಂಗಳ ಗ್ಯಾರಂಟಿ ಮಾತು ಹಾಗೇ ಇದೆ. ಬಿಲ್ ಕಳೆದಿದ್ದರೆ ಫೋನ್ ನಂಬರ್ ಹೇಳಿ, ಪುಸ್ತಕದಲ್ಲಿ ಹುಡುಕುತ್ತೇವೆ. ಅಷ್ಟರೊಳಗೆ ಕೆಟ್ಟರೆ ಅದೇ ಮಾಡೆಲ್ ಬದಲಿಗೆ ಕೊಡಲು ಸ್ಟಾಕ್ ಇರುವುದಿಲ್ಲ, ಹಾಗಾಗಿ ನೀವು ಕೊಟ್ಟ ಅಷ್ಟೂ ದುಡ್ಡನ್ನು ಹೊಸದರಲ್ಲಿ ಕಳೆದುಕೊಡುತ್ತೇವೆ. ಪೂರ್ತಿ ಕೆಟ್ಟುಹೋದದ್ದನ್ನು ಕಸದ ಬುಟ್ಟಿಗೆ ಹಾಕಬೇಡಿ, ಒಳಗೆ ಬ್ಯಾಟರಿ ಇರುತ್ತದೆ. ನಮಗೇ ತಂದುಕೊಡಿ, ಇ-ವೇಸ್ಟ್‌ನವರಿಗೆ ಕೊಡುತ್ತೇವೆ.

ಟ್ರಯಲ್ ನೋಡಲು ಬೆಳಿಗ್ಗೆ ಅಥವಾ ಮಧ್ಯಾಹ್ನ ಬಂದರೆ ಒಳ್ಳೆಯದು. ಸಂಜೆ ರಶ್ ಇರುತ್ತದೆ, ನಿಧಾನವಾಗಿ ತೋರಿಸಲು ಆಗುವುದಿಲ್ಲ. ನಿಮ್ಮ ಫೋನನ್ನೇ ಚಾರ್ಜ್ ಮಾಡಿಕೊಂಡು ತನ್ನಿ, ನೀವು ದಿನಾ ಕೇಳುವ ಹಾಡನ್ನೇ ಹಾಕಿ ನೋಡಿ.

ಇಂತಿ,
ನಿಮ್ಮ ಅಂಗಡಿಯವರು, ತುಮಕೂರು