ಸೋತವರನ್ನೂ ಬರೆಯಿರಿ: ಲೈಟ್ ಹೆವಿವೇಟ್ ಶ್ರೇಷ್ಠರ ಚರ್ಚೆಗಿಳಿದ ಯುವ ಬರಹಗಾರರಿಗೊಂದು ಪತ್ರ

ಪ್ರಿಯ ಮಿತ್ರರಿಗೆ,

ನಿಮ್ಮ ಲೇಖನದ ಕರಡು ತಲುಪಿತು. ಲೈಟ್ ಹೆವಿವೇಟ್ ವಿಭಾಗದ ಸಾರ್ವಕಾಲಿಕ ಶ್ರೇಷ್ಠ ಬಾಕ್ಸರ್ ಯಾರು ಎಂಬ ಪ್ರಶ್ನೆಯನ್ನು ಎತ್ತಿಕೊಂಡು, ರಾಯ್ ಜೋನ್ಸ್ ಜೂನಿಯರ್ ಅವರನ್ನು ಮೊದಲ ಸ್ಥಾನದಲ್ಲಿ ಕೂರಿಸಿ, ಬಾಬ್ ಫಾಸ್ಟರ್, ಮೈಕೆಲ್ ಸ್ಪಿಂಕ್ಸ್ ಮತ್ತು ಆರ್ಚಿ ಮೂರ್ ಅವರನ್ನು ಅದೇ ಕ್ರಮದಲ್ಲಿ ಅವರ ಹಿಂದೆ ನಿಲ್ಲಿಸಿದ್ದೀರಿ. ಎಜರ್ಡ್ ಚಾರ್ಲ್ಸ್ ಅವರ ಹೆಸರು ಕೊನೆಯಲ್ಲಿ, ಈ ವಿಭಾಗದ ಪಟ್ಟವನ್ನು ಗೆಲ್ಲದ ಕಾರಣ ಪರಿಗಣಿಸಿಲ್ಲ ಎಂಬ ಒಂದೇ ಸಾಲಿನಲ್ಲಿ ಬಂದು ಹೋಗುತ್ತದೆ. ಈ ಪತ್ರವನ್ನು ನಾನು ಬರೆಯುತ್ತಿರುವುದು ಮುಖ್ಯವಾಗಿ ಆ ಒಂದು ಸಾಲಿಗಾಗಿ. ನನ್ನ ಮಟ್ಟಿಗೆ 175 ಪೌಂಡ್, ಅಂದರೆ ಸುಮಾರು 79.4 ಕಿಲೋ ತೂಕದ ಮಿತಿಯೊಳಗೆ ಆಡಿದವರಲ್ಲಿ ಚಾರ್ಲ್ಸ್ ಅವರಿಗಿಂತ ದೊಡ್ಡವರು ಯಾರೂ ಇಲ್ಲ. ನೀವು ನನ್ನ ಅಭಿಪ್ರಾಯವನ್ನು ಒಪ್ಪಲೇಬೇಕೆಂದು ಕೇಳುತ್ತಿಲ್ಲ. ಅವರನ್ನು ಹೊರಗಿಡುವುದಾದರೆ ಅದಕ್ಕೆ ಒಂದು ಸಾಲು ಸಾಲದು ಎಂದಷ್ಟೇ ಹೇಳುತ್ತಿದ್ದೇನೆ.

ಶ್ರೇಷ್ಠತೆಯ ಚರ್ಚೆಯಲ್ಲಿ ಹೊಸ ಬರಹಗಾರರು ಗೆದ್ದವರ ಗುಣಗಳನ್ನು ಬಣ್ಣಿಸುವುದರಲ್ಲೇ ಪುಟಗಳನ್ನು ತುಂಬಿಸುತ್ತಾರೆ. ನಿಮ್ಮ ಕರಡಿನಲ್ಲೂ ಜೋನ್ಸ್ ಅವರ ಕೈಗಳ ವೇಗ, ಫಾಸ್ಟರ್ ಅವರ ಎಡಗೈ ಹುಕ್, ಸ್ಪಿಂಕ್ಸ್ ಅವರ ವಿಚಿತ್ರ ಭಂಗಿ ಎಲ್ಲವೂ ಚೆನ್ನಾಗಿ ಬಂದಿವೆ. ಆದರೆ ಅವರೆದುರು ನಿಂತಿದ್ದವರು ಯಾರು, ಅವರು ಅಂದು ಯಾವ ಸ್ಥಿತಿಯಲ್ಲಿದ್ದರು, ಅದಕ್ಕೆ ಮೊದಲು ಯಾರನ್ನು ಸೋಲಿಸಿ ಬಂದಿದ್ದರು ಎಂಬ ವಿವರ ನಿಮ್ಮ ಬರಹದಲ್ಲಿ ಎಲ್ಲೂ ಇಲ್ಲ. ಬಾಕ್ಸರ್ ಒಬ್ಬನ ಎತ್ತರವನ್ನು ಅಳೆಯಲು ನಮ್ಮ ಬಳಿ ಇರುವ ನಂಬಲರ್ಹವಾದ ಸಾಧನವೆಂದರೆ ಅವನಿಗೆ ಸೋತವರ ಎತ್ತರ. ಆದ್ದರಿಂದ ಸೋತವರನ್ನು ಹೆಸರಿಟ್ಟು ಬರೆಯಿರಿ, ಅವರ ದಾಖಲೆಯನ್ನು ಓದುಗರ ಮುಂದಿಡಿ; ಅನಂತರ ಶ್ರೇಯಾಂಕ ಕೊಡಿ.

ಚಾರ್ಲ್ಸ್ ಅವರ ಪ್ರಕರಣವನ್ನೇ ಹೀಗೆ ನೋಡಿ. 1942ರಲ್ಲಿ, ಆಗಷ್ಟೇ ಇಪ್ಪತ್ತು ದಾಟಿದ ಹುಡುಗನಾಗಿದ್ದಾಗ, ಅವರು ಪಿಟ್ಸ್‌ಬರ್ಗ್‌ನಲ್ಲಿ ಚಾರ್ಲಿ ಬರ್ಲಿಯನ್ನು ಎರಡು ಬಾರಿ ಸೋಲಿಸಿದರು. ಬರ್ಲಿ ಎಂದರೆ ಎರಡು ವರ್ಷಗಳ ನಂತರ ಆರ್ಚಿ ಮೂರ್ ಅವರನ್ನೇ ಸೋಲಿಸಿದ, ಆದರೆ ಜೀವಮಾನದಲ್ಲಿ ವಿಶ್ವ ಪಟ್ಟಕ್ಕೆ ಒಂದೇ ಒಂದು ಅವಕಾಶವನ್ನೂ ಪಡೆಯದ ಬಾಕ್ಸರ್. 1943ರಲ್ಲಿ ಜಿಮ್ಮಿ ಬಿವಿನ್ಸ್ ಮತ್ತು ಲಾಯ್ಡ್ ಮಾರ್ಷಲ್ ಇಬ್ಬರೂ ಚಾರ್ಲ್ಸ್ ಅವರನ್ನು ಸೋಲಿಸಿದರು, ಮಾರ್ಷಲ್ ಅಂತೂ ನಾಕೌಟ್ ಮಾಡಿದರು. ಈ ಸೋಲುಗಳನ್ನು ನೀವು ಮುಚ್ಚಿಡಬಾರದು, ಏಕೆಂದರೆ ಅವುಗಳಿಂದಲೇ ಮುಂದಿನ ಕಥೆಗೆ ತೂಕ ಬರುತ್ತದೆ. ಸೇನೆಯ ಸೇವೆ ಮುಗಿಸಿ 1946ರಲ್ಲಿ ರಿಂಗ್‌ಗೆ ಮರಳಿದ ಚಾರ್ಲ್ಸ್ ಮಾರ್ಷಲ್ ಅವರನ್ನು ಎರಡು ಬಾರಿ ನಾಕೌಟ್ ಮಾಡಿದರು, ಬಿವಿನ್ಸ್ ಅವರನ್ನು ಮತ್ತೆ ಮತ್ತೆ ಸೋಲಿಸಿದರು. ಈ ಬಿವಿನ್ಸ್ 1945ರಲ್ಲಿ ಮೂರ್ ಅವರನ್ನು ನಾಕೌಟ್ ಮಾಡಿದ್ದವರು. ಮಾರ್ಷಲ್, ಮುಂದೆ ಮಿಡ್ಲ್‌ವೇಟ್ ವಿಶ್ವ ಚಾಂಪಿಯನ್ ಆದ ಜೇಕ್ ಲಮೋಟಾ ಅವರನ್ನು ಮಣಿಸಿದವರು, ಮುಂದೆ ವಿಶ್ವ ಚಾಂಪಿಯನ್ ಆದ ಫ್ರೆಡ್ಡಿ ಮಿಲ್ಸ್ ಅವರನ್ನು 1947ರಲ್ಲಿ ಲಂಡನ್ನಿನಲ್ಲಿ ಐದನೇ ಸುತ್ತಿನಲ್ಲಿ ಮುಗಿಸಿದವರು.

ಇನ್ನು ಮೂರ್ ಅವರ ವಿಷಯ. 1946ರ ಮೇ ತಿಂಗಳಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಮತ್ತು 1947ರ ಮೇ ತಿಂಗಳಲ್ಲಿ ಸಿನ್ಸಿನಾಟಿಯಲ್ಲಿ ಅಂಕಗಳ ಮೇಲೆ, 1948ರ ಜನವರಿಯಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಎಂಟನೇ ಸುತ್ತಿನ ನಾಕೌಟ್‌ನಿಂದ, ಹೀಗೆ ಮೂರಕ್ಕೆ ಮೂರೂ ಪಂದ್ಯಗಳಲ್ಲಿ ಚಾರ್ಲ್ಸ್ ಅವರದೇ ಗೆಲುವು. ಜೋಯಿ ಮ್ಯಾಕ್ಸಿಮ್ ಅವರೊಂದಿಗೆ ಐದು ಪಂದ್ಯ, ಐದೂ ಗೆಲುವು. ಅವುಗಳಲ್ಲಿ ಮೂರು ಚಾರ್ಲ್ಸ್ ಇದಕ್ಕಿಂತ ಭಾರದ ಹೆವಿವೇಟ್ ವಿಭಾಗದ ಕಡೆಗೆ ಹೊರಳಿದ ಮೇಲೆ ನಡೆದವು ಎಂಬುದನ್ನೂ ಹೇಳಿಬಿಡಿ. ಲೈಟ್ ಹೆವಿವೇಟ್ ಪಟ್ಟ 1950ರಿಂದ 1952ರವರೆಗೆ ಮ್ಯಾಕ್ಸಿಮ್ ಅವರ ಬಳಿಯಿತ್ತು, ಅಲ್ಲಿಂದ 1962ರವರೆಗೆ ಮೂರ್ ಅವರ ಬಳಿಯಿತ್ತು. ಹನ್ನೆರಡು ವರ್ಷ ಆ ಪಟ್ಟವನ್ನು ಧರಿಸಿದ ಇಬ್ಬರನ್ನು ಒಟ್ಟು ಎಂಟು ಬಾರಿ ಎದುರಿಸಿ ಎಂಟೂ ಬಾರಿ ಗೆದ್ದ ಬಾಕ್ಸರ್‌ನನ್ನು, ಪಟ್ಟವಿಲ್ಲ ಎಂಬ ಕಾರಣಕ್ಕೆ ಪಟ್ಟಿಯಿಂದ ಹೊರಗಿಡುವುದು ನ್ಯಾಯವೇ ಎಂದು ನೀವೇ ಯೋಚಿಸಿ.

ಪಟ್ಟಕ್ಕೆ ಅವಕಾಶ ಏಕೆ ಸಿಗಲಿಲ್ಲ ಎಂಬುದನ್ನು ಬರೆಯುವಾಗ ಸುಲಭದ ವಿವರಣೆಗೆ ಜೋತುಬೀಳಬೇಡಿ. ವರ್ಣಭೇದ ಆ ಕಾಲದ ಅಮೆರಿಕದ ಬಾಕ್ಸಿಂಗ್‌ನಲ್ಲಿ ಢಾಳಾಗಿ ಇತ್ತು; ಸ್ಯಾಮ್ ಲ್ಯಾಂಗ್‌ಫರ್ಡ್ ಅವರಂಥ ಹಿಂದಿನ ತಲೆಮಾರಿನ ಮಹಾನ್ ಬಾಕ್ಸರ್ ಅದರಿಂದಲೇ ಬರಿಗೈಯಲ್ಲಿ ಉಳಿದರು. ಆದರೆ 1935ರಲ್ಲಿ ಜಾನ್ ಹೆನ್ರಿ ಲೂಯಿಸ್ ಎಂಬ ಕಪ್ಪು ಬಾಕ್ಸರ್ ಇದೇ ಪಟ್ಟವನ್ನು ಗೆದ್ದಿದ್ದರು. ಚಾರ್ಲ್ಸ್ ತಮ್ಮ ಉತ್ತುಂಗದಲ್ಲಿದ್ದ 1947 ಮತ್ತು 1948ರಲ್ಲಿ ಚಾಂಪಿಯನ್ ಗಸ್ ಲೆಸ್ನೆವಿಚ್ ಎರಡು ಬಾರಿ ಎದುರಿಸಿದ್ದು ಬಿಲ್ಲಿ ಫಾಕ್ಸ್ ಅವರನ್ನು, ಅವರೂ ಕಪ್ಪು ಬಾಕ್ಸರ್ ಆಗಿದ್ದರು. ಫಾಕ್ಸ್ ಅವರ ಬೆನ್ನಿಗೆ ಭೂಗತ ಲೋಕದ ನಂಟುಳ್ಳ ವ್ಯವಸ್ಥಾಪಕರಿದ್ದರು. 1947ರ ನವೆಂಬರ್‌ನಲ್ಲಿ ಲಮೋಟಾ ಅವರು ಫಾಕ್ಸ್ ಅವರಿಗೆ ಬೇಕೆಂದೇ ಸೋತುಕೊಟ್ಟರು, ಮತ್ತು 1960ರಲ್ಲಿ ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಅದನ್ನು ತಾವೇ ಹೇಳಿಕೊಂಡರು. ಹಾಗೆ ಖರೀದಿಸಿದ ಗೆಲುವಿನ ಕೆಲವೇ ತಿಂಗಳ ನಂತರ ಫಾಕ್ಸ್ ಪಟ್ಟಕ್ಕಾಗಿ ರಿಂಗ್ ಏರಿದರು ಮತ್ತು ಮೊದಲ ಸುತ್ತಿನಲ್ಲೇ ನೆಲಕ್ಕುರುಳಿದರು. ಬಣ್ಣ, ಹಣ, ವ್ಯವಸ್ಥಾಪಕರ ಜಾಲ, ಸೋಲಿನ ಭಯ ಇವೆಲ್ಲ ಒಂದರೊಳಗೊಂದು ಹೆಣೆದುಕೊಂಡಿದ್ದ ಕಾಲ ಅದು. ಪಟ್ಟ ಎಂಬುದು ಹೇಗೆ ಹಂಚಿಕೆಯಾಗುತ್ತಿತ್ತು ಎಂದು ತಿಳಿದ ಮೇಲೆ, ಪಟ್ಟವನ್ನೇ ಏಕೈಕ ಅರ್ಹತೆಯೆಂದು ಹಿಡಿಯುವ ಬರಹಗಾರ ಆ ವ್ಯವಸ್ಥಾಪಕರ ತೀರ್ಪಿಗೆ ತನ್ನ ಸಹಿಯನ್ನೂ ಹಾಕಿದಂತಾಗುತ್ತದೆ.

ಆರ್ಚಿ ಮೂರ್ ಅವರನ್ನು ನೀವು ನಾಲ್ಕನೇ ಸ್ಥಾನಕ್ಕೆ ಇಳಿಸಿದ್ದೂ ನನಗೆ ಒಪ್ಪಿಗೆಯಿಲ್ಲ. ಅವರು ಹುಟ್ಟಿದ್ದು 1913ರಲ್ಲೋ 1916ರಲ್ಲೋ ಎಂಬ ಬಗ್ಗೆ ಅವರಿಗೂ ಅವರ ತಾಯಿಗೂ ಭಿನ್ನಾಭಿಪ್ರಾಯವಿತ್ತು. ಯಾವುದನ್ನು ನಂಬಿದರೂ, 1952ರ ಡಿಸೆಂಬರ್‌ನಲ್ಲಿ ಸೇಂಟ್ ಲೂಯಿಸ್‌ನಲ್ಲಿ ಮ್ಯಾಕ್ಸಿಮ್ ವಿರುದ್ಧ ಪಟ್ಟದ ಅವಕಾಶ ಸಿಕ್ಕಾಗ ಅವರಿಗೆ 36 ಅಥವಾ 39 ವರ್ಷ. ಆ ಪಂದ್ಯಕ್ಕಾಗಿ ಮ್ಯಾಕ್ಸಿಮ್ ಅವರಿಗೆ ಒಂದು ಲಕ್ಷ ಡಾಲರ್ ಖಾತರಿಯಾಗಿತ್ತು, ಮೂರ್ ಅವರ ಕೈಗೆ ಬಂದದ್ದು 800 ಡಾಲರ್. ಉಳಿದವರ ಯೌವನ ಮುಗಿಯುವ ವಯಸ್ಸಿನಲ್ಲಿ ಆರಂಭವಾದ ಆಳ್ವಿಕೆ ಸುಮಾರು ಹತ್ತು ವರ್ಷ ನಡೆಯಿತು, ರಿಂಗ್‌ನಲ್ಲಿ ಯಾರೂ ಅದನ್ನು ಅವರಿಂದ ಕಿತ್ತುಕೊಳ್ಳಲಿಲ್ಲ. 1958ರ ಡಿಸೆಂಬರ್ 10ರಂದು ಮಾಂಟ್ರಿಯಲ್‌ನಲ್ಲಿ ಇವಾನ್ ಡ್ಯುರೆಲ್ ಎಂಬ ಕೆನಡಾದ ಬಾಕ್ಸರ್ ಅವರನ್ನು ಮೊದಲ ಸುತ್ತಿನಲ್ಲೇ ಮೂರು ಬಾರಿ ಬೀಳಿಸಿದರು, ಐದನೇ ಸುತ್ತಿನಲ್ಲಿ ಮತ್ತೊಮ್ಮೆ. ಮೂರ್ ಪ್ರತಿ ಬಾರಿಯೂ ಎದ್ದರು ಮತ್ತು ಹನ್ನೊಂದನೇ ಸುತ್ತಿನಲ್ಲಿ ಡ್ಯುರೆಲ್ ಅವರನ್ನು ನಾಕೌಟ್ ಮಾಡಿದರು. ಈ ಪಂದ್ಯದ ಚಿತ್ರೀಕರಣ ಉಳಿದಿದೆ, ದಯವಿಟ್ಟು ನೋಡಿ. ಮೊದಲ ಸುತ್ತಿನ ನಂತರ ಮೂರ್ ಹೇಗೆ ಸಮಯವನ್ನು ಕೊಳ್ಳುತ್ತಾರೆ, ಎರಡೂ ಮುಂಗೈಗಳನ್ನು ಮುಖದ ಮುಂದೆ ಅಡ್ಡಲಾಗಿ ಹಿಡಿಯುವ ತಮ್ಮ ರಕ್ಷಣಾ ವಿಧಾನದ ಹಿಂದೆ ಹೇಗೆ ಚೇತರಿಸಿಕೊಳ್ಳುತ್ತಾರೆ ಎಂಬುದನ್ನು ಗಮನಿಸಿದರೆ, ಧೈರ್ಯ ಎಂಬ ಸವಕಲು ಪದವನ್ನು ಬಳಸದೆಯೇ ನೀವು ಆ ಪಂದ್ಯವನ್ನು ಬರೆಯಬಲ್ಲಿರಿ.

ಫಾಸ್ಟರ್ ಮತ್ತು ಸ್ಪಿಂಕ್ಸ್ ಕುರಿತು ಕಡಿಮೆ ಮಾತು ಸಾಕು. ಫಾಸ್ಟರ್ 1968ರಲ್ಲಿ ಡಿಕ್ ಟೈಗರ್ ಅವರನ್ನು ನಾಲ್ಕನೇ ಸುತ್ತಿನಲ್ಲಿ ಮುಗಿಸಿದರು. ಟೈಗರ್ ತಮ್ಮ ದೀರ್ಘ ಬದುಕಿನಲ್ಲಿ ನಾಕೌಟ್ ಆದದ್ದು ಆ ಒಂದೇ ಬಾರಿ. ಆ ನಂತರ ಫಾಸ್ಟರ್ ಹದಿನಾಲ್ಕು ಬಾರಿ ಪಟ್ಟವನ್ನು ಉಳಿಸಿಕೊಂಡರು. ಇಷ್ಟಾಗಿಯೂ ನಾನು ಸ್ಪಿಂಕ್ಸ್ ಅವರನ್ನೇ ಮುಂದಿಡುತ್ತೇನೆ, ಕಾರಣ ಮತ್ತೆ ಎದುರಾಳಿಗಳೇ. ಮಾರ್ವಿನ್ ಜಾನ್ಸನ್, ಎಡ್ಡಿ ಮುಸ್ತಫಾ ಮುಹಮ್ಮದ್, ಮತ್ತು ಮ್ಯಾಥ್ಯೂ ಸಾದ್ ಮುಹಮ್ಮದ್ ಅವರನ್ನು ಎರಡು ಬಾರಿ ಸೋಲಿಸಿ ಬಂದಿದ್ದ ಡ್ವೈಟ್ ಮುಹಮ್ಮದ್ ಕಾವಿ, ಹೀಗೆ ಆ ವಿಭಾಗದ ಅತ್ಯಂತ ಕಠಿಣ ಪೀಳಿಗೆಯ ನಡುವೆ ನಡೆದು ಸ್ಪಿಂಕ್ಸ್ ಈ ತೂಕದಲ್ಲಿ ಒಮ್ಮೆಯೂ ಸೋಲಲಿಲ್ಲ.

1983ರ ಮಾರ್ಚ್‌ನಲ್ಲಿ ಕಾವಿ ಅವರೊಂದಿಗಿನ ಪಂದ್ಯಕ್ಕೆ ಕೆಲವೇ ವಾರಗಳ ಮೊದಲು ಸ್ಪಿಂಕ್ಸ್ ತಮ್ಮ ಸಂಗಾತಿಯನ್ನು ಅಪಘಾತದಲ್ಲಿ ಕಳೆದುಕೊಂಡಿದ್ದರು. ಇದನ್ನು ನೀವು ಕರಡಿನಲ್ಲಿ ಶ್ರೇಷ್ಠತೆಯ ಪುರಾವೆಯಾಗಿ ಬಳಸಿದ್ದೀರಿ. ಅದು ಅವರ ಜೀವನಕಥೆಗೆ ಸೇರಿದ್ದು, ಶ್ರೇಯಾಂಕಕ್ಕೆ ಸೇರಿದ್ದಲ್ಲ. ಚಾರ್ಲ್ಸ್ ಅವರ ಬದುಕಿನ ದುರಂತದ ವಿಷಯ ಬೇರೆ. 1948ರ ಫೆಬ್ರವರಿಯಲ್ಲಿ ಷಿಕಾಗೋದಲ್ಲಿ ಅವರೊಂದಿಗೆ ಆಡಿದ ಸ್ಯಾಮ್ ಬರೂಡಿ ಎಂಬ ಯುವ ಬಾಕ್ಸರ್ ಏಟಿನ ಪರಿಣಾಮವಾಗಿ ತೀರಿಕೊಂಡರು, ಆಮೇಲೆ ಚಾರ್ಲ್ಸ್ ಅವರ ಆಟದಲ್ಲಿ ಮೊದಲಿನ ನಿರ್ದಯತೆ ಉಳಿಯಲಿಲ್ಲ ಎಂದು ಅವರನ್ನು ಬಲ್ಲವರು ಹೇಳುತ್ತ ಬಂದಿದ್ದಾರೆ. ಹೆವಿವೇಟ್‌ನಲ್ಲಿ ನಾವು ಕಾಣುವ ಎಚ್ಚರಿಕೆಯ ಚಾರ್ಲ್ಸ್ ಅವರಿಂದ ಹಿಂದಿನ ಚಾರ್ಲ್ಸ್ ಅವರನ್ನು ಅಳೆಯಬಾರದು ಎಂಬುದಕ್ಕೆ ಈ ಸಂಗತಿ ಅಗತ್ಯ. ದುಃಖದ ಸಂಗತಿ ವಾದಕ್ಕೆ ಬೇಕಿದ್ದರೆ ಮಾತ್ರ ಬರಲಿ.

ಈಗ ಜೋನ್ಸ್ ಅವರ ಬಳಿಗೆ ಬರುತ್ತೇನೆ. 1998ರಲ್ಲಿ ವರ್ಜಿಲ್ ಹಿಲ್ ಅವರನ್ನು ಪಕ್ಕೆಗೆ ಕೊಟ್ಟ ಒಂದೇ ಬಲಗೈ ಏಟಿನಿಂದ ನಾಲ್ಕನೇ ಸುತ್ತಿನಲ್ಲಿ ಕುಸಿಯುವಂತೆ ಮಾಡಿದ್ದನ್ನು ನೋಡಿದವರಿಗೆ ನಿಮ್ಮ ಉತ್ಸಾಹ ಅರ್ಥವಾಗುತ್ತದೆ. ಬರಿಯ ಪ್ರತಿಭೆಯನ್ನೇ ಅಳೆಯುವುದಾದರೆ ಅವರನ್ನು ಮೀರಿದವರು ಈ ತೂಕದಲ್ಲಿ ವಿರಳ. ಆದರೆ ಅವರು ಆಳಿದ ವರ್ಷಗಳಲ್ಲೇ ಡೇರಿಯುಸ್ ಮಿಖಾಲ್‌ಚೆವ್‌ಸ್ಕಿ ಜರ್ಮನಿಯಲ್ಲಿ, ಇದೇ ವಿಭಾಗಕ್ಕೆ ಮತ್ತೊಂದು ಬಾಕ್ಸಿಂಗ್ ಸಂಸ್ಥೆ ಕೊಡುವ ವಿಶ್ವ ಪಟ್ಟವನ್ನು ಇಪ್ಪತ್ತಕ್ಕೂ ಹೆಚ್ಚು ಬಾರಿ ಉಳಿಸಿಕೊಂಡರು, ಮತ್ತು ಅವರಿಬ್ಬರೂ ಎಂದೂ ಎದುರುಬದುರಾಗಲಿಲ್ಲ. ಈ ಪಂದ್ಯ ನಡೆಯದಿದ್ದುದನ್ನು ನಿಮ್ಮ ಲೇಖನ ಪ್ರಸ್ತಾಪಿಸುವುದೇ ಇಲ್ಲ. 2003ರಲ್ಲಿ ಜಾನ್ ರೂಯಿಜ್ ಅವರನ್ನು ಸೋಲಿಸಿ ಜೋನ್ಸ್ ಹೆವಿವೇಟ್ ಪಟ್ಟ ಗೆದ್ದದ್ದನ್ನು ನೀವು ಅವರ ಪರವಾದ ದೊಡ್ಡ ವಾದವಾಗಿ ಬಳಸುತ್ತೀರಿ. ಹಾಗಾದರೆ 1985ರಲ್ಲಿ, 48 ಪಂದ್ಯಗಳಲ್ಲಿ ಅಜೇಯರಾಗಿದ್ದ ಲ್ಯಾರಿ ಹೋಮ್ಸ್ ಅವರನ್ನು ಸೋಲಿಸಿದ ಸ್ಪಿಂಕ್ಸ್ ಅವರಿಗೂ, 1950ರಲ್ಲಿ ಜೋ ಲೂಯಿಸ್ ಅವರನ್ನು ಸೋಲಿಸಿದ ಚಾರ್ಲ್ಸ್ ಅವರಿಗೂ ಅದೇ ಲೆಕ್ಕ ಅನ್ವಯಿಸಬೇಕು. ಮತ್ತೆ, 2004ರಲ್ಲಿ ಆಂಟೋನಿಯೊ ಟಾರ್ವರ್ ಮತ್ತು ಗ್ಲೆನ್ ಜಾನ್ಸನ್ ಅವರಿಂದಾದ ನಾಕೌಟ್‌ಗಳನ್ನು ವಯಸ್ಸಿನ ಹೆಸರಿನಲ್ಲಿ ಬದಿಗಿಡುತ್ತೀರಿ. ಆಗ ಜೋನ್ಸ್ ಅವರಿಗೆ 35 ವರ್ಷ. ಮೂರ್ ಆ ವಯಸ್ಸಿನಲ್ಲಿ ಇನ್ನೂ ಪಟ್ಟದ ಅವಕಾಶಕ್ಕಾಗಿ ಕಾಯುತ್ತಿದ್ದರು, ಬರ್ನಾರ್ಡ್ ಹಾಪ್ಕಿನ್ಸ್ 46ನೇ ವಯಸ್ಸಿನಲ್ಲಿ ಜಾನ್ ಪಾಸ್ಕಲ್ ಅವರನ್ನು ಸೋಲಿಸಿ ಇದೇ ವಿಭಾಗದ ಪಟ್ಟ ಗೆದ್ದರು. ನಿಯಮ ಯಾವುದೇ ಇರಲಿ, ಲೇಖನದ ಆರಂಭದಲ್ಲೇ ಅದನ್ನು ಹೇಳಿ, ಎಲ್ಲರಿಗೂ ಸಮಾನವಾಗಿ ಹಚ್ಚಿ.

ಹಳಬರ ಬಗ್ಗೆ ಬರೆಯುವಾಗ ಪುರಾವೆಯ ಸ್ವರೂಪವನ್ನೂ ಓದುಗರಿಗೆ ತಿಳಿಸಬೇಕು. ಹ್ಯಾರಿ ಗ್ರೆಬ್ ಇದಕ್ಕಿಂತ ಹಗುರವಾದ ಮಿಡ್ಲ್‌ವೇಟ್ ಗಾತ್ರದವರಾಗಿದ್ದೂ 1922ರ ಮೇ ತಿಂಗಳಲ್ಲಿ, ಮುಂದೆ ಹೆವಿವೇಟ್ ವಿಶ್ವ ಚಾಂಪಿಯನ್ ಆದ ಜೀನ್ ಟನಿ ಅವರಿಗೆ ಅವರ ವೃತ್ತಿಜೀವನದ ಏಕೈಕ ಸೋಲನ್ನು ಉಣಿಸಿದರು. ಗ್ರೆಬ್ ಸುಮಾರು 300 ಪಂದ್ಯಗಳನ್ನು ಆಡಿದರು, ಆದರೆ ಅವುಗಳಲ್ಲಿ ಒಂದರ ಚಿತ್ರೀಕರಣವೂ ಉಳಿದಿಲ್ಲ. ಉಳಿದಿರುವುದು ಅಭ್ಯಾಸದ ಕೆಲವು ತುಣುಕುಗಳು ಮಾತ್ರ. ಅಮೆರಿಕದ ಹಲವು ರಾಜ್ಯಗಳಲ್ಲಿ ಆಗ ಅಧಿಕೃತ ತೀರ್ಪಿಗೇ ಕಾನೂನಿನ ಅನುಮತಿ ಇರಲಿಲ್ಲ; ನಾಕೌಟ್ ಆಗದಿದ್ದರೆ ಗೆದ್ದವರು ಯಾರೆಂದು ಮರುದಿನದ ಪತ್ರಿಕೆಗಳ ವರದಿಗಾರರು ಹೇಳುತ್ತಿದ್ದರು, ಅವರವರಲ್ಲೇ ಒಮ್ಮತ ಇರುತ್ತಿರಲಿಲ್ಲ. ಹಾಗಾಗಿ ಗ್ರೆಬ್ ಅವರ ಶೈಲಿಯನ್ನು ಕಣ್ಣಾರೆ ಕಂಡವರಂತೆ ವರ್ಣಿಸಿರುವ ನಿಮ್ಮ ಪ್ಯಾರಾ ನಿಲ್ಲುವುದಿಲ್ಲ. ಸೋತವರು ಏನು ಹೇಳಿದರು, ವರದಿಗಳು ಎಲ್ಲಿ ಒಪ್ಪುತ್ತವೆ, ಎಲ್ಲಿ ಜಗಳವಾಡುತ್ತವೆ ಎಂಬುದನ್ನು ಬರೆದರೆ ಆ ಪ್ಯಾರಾಕ್ಕೆ ಜೀವ ಬರುತ್ತದೆ.

ಯಾರು ಯಾರನ್ನು ಸೋಲಿಸುತ್ತಿದ್ದರು ಎಂಬ ಕಲ್ಪನೆಯ ಪಂದ್ಯಗಳಿಗೆ ನೀವು ಬಹಳ ಜಾಗ ಕೊಟ್ಟಿದ್ದೀರಿ. ಅವುಗಳಿಗೂ ನಿಯಮ ಬೇಕು. ಮೂರ್ ಅವರ ಕಾಲದಲ್ಲಿ ಪಂದ್ಯದ ದಿನವೇ ತೂಕ ನೋಡುತ್ತಿದ್ದರು, ಪಟ್ಟದ ಪಂದ್ಯ ಹದಿನೈದು ಸುತ್ತು. ಇಂದು ಹಿಂದಿನ ದಿನವೇ ತೂಕ ಮುಗಿಯುತ್ತದೆ, ಬಾಕ್ಸರ್ ನೀರು ಆಹಾರ ಸೇವಿಸಿ ಹಲವು ಕಿಲೋ ಹೆಚ್ಚು ತೂಕದಿಂದ ರಿಂಗ್ ಏರುತ್ತಾನೆ, ಪಂದ್ಯ ಹನ್ನೆರಡು ಸುತ್ತಿಗೆ ಮುಗಿಯುತ್ತದೆ. ಆರ್ಟುರ್ ಬೆಟರ್‌ಬಿಯೆವ್ ಮತ್ತು ಡ್ಮಿಟ್ರಿ ಬಿವೊಲ್ 2024ರ ಅಕ್ಟೋಬರ್ ಮತ್ತು 2025ರ ಫೆಬ್ರವರಿಯಲ್ಲಿ ರಿಯಾದ್‌ನಲ್ಲಿ ಆಡಿದ ಎರಡು ಪಂದ್ಯಗಳನ್ನು, ಒಬ್ಬೊಬ್ಬರು ಒಂದೊಂದನ್ನು ಕೂದಲೆಳೆಯ ಅಂತರದಲ್ಲಿ ಗೆದ್ದದ್ದನ್ನು ನೋಡಿ; ಇನ್ನೂ ಮೂರು ಸುತ್ತುಗಳಿದ್ದಿದ್ದರೆ ಆ ಫಲಿತಾಂಶಗಳು ಹಾಗೆಯೇ ಉಳಿಯುತ್ತಿದ್ದವೇ? ನಿಮ್ಮ ಕಲ್ಪನೆಯ ಪಂದ್ಯ ಯಾರ ಕಾಲದ ನಿಯಮದಲ್ಲಿ ನಡೆಯುತ್ತಿದೆ ಎಂದು ಮೊದಲು ನಿರ್ಧರಿಸಿ.

ಮುಂದಿನ ಕರಡಿನಲ್ಲಿ ನಿಮ್ಮ ಮೊದಲ ಹೆಸರು ಜೋನ್ಸ್ ಆಗಿಯೇ ಉಳಿದರೂ ನನಗೆ ಬೇಸರವಿಲ್ಲ, ಆದರೆ ಬರ್ಲಿ, ಮಾರ್ಷಲ್ ಮತ್ತು ಬಿವಿನ್ಸ್ ಅವರಿಗೆ ಒಂದೊಂದು ಪ್ಯಾರಾ ಬರೆದು ಕಳುಹಿಸಿ. ಆ ಮೂವರನ್ನು ಓದಿಕೊಂಡ ಮೇಲೂ ಚಾರ್ಲ್ಸ್ ಅವರ ಬಗೆಗಿನ ಆ ಒಂದು ಸಾಲನ್ನು ನೀವು ಉಳಿಸಿಕೊಳ್ಳುವುದಾದರೆ, ಅದಕ್ಕೆ ನಿಮ್ಮ ಕಾರಣಗಳನ್ನು ವಿವರವಾಗಿ ಓದಲು ಕಾದಿರುತ್ತೇನೆ.

ಇಂತು,
ನಿಮ್ಮ ಹಿತೈಷಿ