ರೆಗ್ಯುಲೇಟರ್ ಬದಲಿಸುವ ಮುನ್ನ ರಿಟರ್ನ್ ಪೈಪ್ ನೋಡಿ

ಮಾನ್ಯ ಸಂಪಾದಕರೇ,

ಹಳೆಯ ಕಾರುಗಳ ನಿರ್ವಹಣೆಯ ಕುರಿತು ಬರುವ ಲೇಖನಗಳಲ್ಲಿ ಇಂಧನದ ಒತ್ತಡ ಕಡಿಮೆಯಾದರೆ ಏನು ಮಾಡಬೇಕೆಂಬುದು ಸಾಕಷ್ಟು ಚರ್ಚೆಯಾಗುತ್ತದೆ. ಒತ್ತಡ ಹೆಚ್ಚಾದಾಗ ಮಾತ್ರ ‘ರೆಗ್ಯುಲೇಟರ್ ಹೋಗಿದೆ, ಬದಲಿಸಿ’ ಎಂಬ ಒಂದೇ ಸಾಲಿನಲ್ಲಿ ಮಾತು ಮುಗಿದುಹೋಗುತ್ತದೆ. ಆ ಸಾಲನ್ನು ನಂಬಿ ಎರಡು ರೆಗ್ಯುಲೇಟರ್ ಕೊಂಡವನು ನಾನು. ರೆಗ್ಯುಲೇಟರ್ ಎಂದರೆ ಇಂಧನದ ಒತ್ತಡವನ್ನು ಹಿಡಿತದಲ್ಲಿಟ್ಟು, ಹೆಚ್ಚಾದ ಪೆಟ್ರೋಲನ್ನು ರಿಟರ್ನ್ ಪೈಪಿನ ಮೂಲಕ ಟ್ಯಾಂಕಿಗೆ ಹಿಂದಿರುಗಿಸುವ ಭಾಗ.

ನನ್ನ ಕಾರಿನಲ್ಲಿರುವುದು 1970ರ ದಶಕದ ಬಾಷ್ ಎಲ್-ಜೆಟ್ರಾನಿಕ್ ಎಂಬ ಇಂಧನ ಇಂಜೆಕ್ಷನ್ ವ್ಯವಸ್ಥೆ. ರೆಗ್ಯುಲೇಟರಿನ ವ್ಯಾಕ್ಯೂಮ್ ಪೈಪ್ (ಎಂಜಿನ್ನಿನ ಗಾಳಿಯ ಸೆಳೆತವನ್ನು ಅದಕ್ಕೆ ಮುಟ್ಟಿಸುವ ಸಣ್ಣ ಕೊಳವೆ) ಕಳಚಿ ನೋಡಿದಾಗ 2.5 ಬಾರ್ ಇರಬೇಕಾದ ಕಡೆ ಗೇಜ್ 3.4 ತೋರಿಸುತ್ತಿತ್ತು. ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿರಬೇಕೆಂದು ಹೇಳುವುದಷ್ಟೇ ಕಂಟ್ರೋಲ್ ಯೂನಿಟ್ಟಿನ ಕೆಲಸ. ಇಂಜೆಕ್ಟರಿನ ಹಿಂದಿನ ಪೈಪಿನಲ್ಲಿ ಒತ್ತಡ ಎಷ್ಟಿದೆಯೆಂಬುದು ಅದಕ್ಕೆ ತಿಳಿಯುವುದೇ ಇಲ್ಲ. ಹೊರಬೀಳುವ ಪೆಟ್ರೋಲ್ ಒತ್ತಡದ ವರ್ಗಮೂಲಕ್ಕೆ ಅನುಗುಣವಾಗಿ ಏರುವುದರಿಂದ ನನ್ನ ಎಂಜಿನ್ನಿಗೆ ಸುಮಾರು ಶೇ 17ರಷ್ಟು ಹೆಚ್ಚು ಪೆಟ್ರೋಲ್ ಹೋಗುತ್ತಿತ್ತು. ಅದನ್ನು ಸರಿದೂಗಿಸಲು, ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವ ಆಕ್ಸಿಜನ್ ಸೆನ್ಸರ್ ಕೂಡ ಇಲ್ಲದ ಕಾರಾದ್ದರಿಂದ ಕಪ್ಪು ಹೊಗೆ, ಮಸಿ ಹಿಡಿದ ಪ್ಲಗ್ಗುಗಳು, ಕೊನೆಗೆ ಆಯಿಲ್ ಅಳೆಯುವ ಕಡ್ಡಿಯಲ್ಲೂ ಪೆಟ್ರೋಲ್ ವಾಸನೆ.

ಮೊದಲು ಮಾಡಬೇಕಾದದ್ದು ಇನ್ನೊಂದು ಗೇಜ್ ಹಾಕಿ ನೋಡುವುದು, ಏಕೆಂದರೆ ಸುಳ್ಳು ಹೇಳುವ ಗೇಜುಗಳಿಗೇನೂ ಬರವಿಲ್ಲ. ಆಮೇಲೆ ಎಂಜಿನ್ ಐಡಲ್‌ನಲ್ಲಿರುವಾಗ ವ್ಯಾಕ್ಯೂಮ್ ಪೈಪನ್ನು ಮತ್ತೆ ಸಿಕ್ಕಿಸಿದರೆ ಒತ್ತಡ ಸುಮಾರು ಅರ್ಧ ಬಾರ್ ಇಳಿಯಬೇಕು. ಇಳಿಯದಿದ್ದರೆ ಆ ಪೈಪ್ ಸೀಳಿರಬಹುದು ಅಥವಾ ಕಟ್ಟಿಕೊಂಡಿರಬಹುದು. ಪೈಪಿನೊಳಗೆ ಪೆಟ್ರೋಲ್ ಕಂಡರೆ ರೆಗ್ಯುಲೇಟರಿನ ಡಯಾಫ್ರಾಮ್ (ಒಳಗಿನ ತೆಳು ಪರದೆ) ಹರಿದಿದೆ ಎಂದೇ ಅರ್ಥ.

ನಿರ್ಣಾಯಕವಾದದ್ದು ಇದರ ನಂತರದ ಪರೀಕ್ಷೆ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಬೆಂಕಿ ಆರಿಸುವ ಸಾಧನವನ್ನು ಕೈಗೆಟುಕುವಲ್ಲಿಟ್ಟುಕೊಂಡು, ವ್ಯವಸ್ಥೆಯಲ್ಲಿ ಉಳಿದ ಒತ್ತಡವನ್ನು ಇಳಿಸಿ, ರೆಗ್ಯುಲೇಟರಿನಿಂದ ಟ್ಯಾಂಕಿಗೆ ಹಿಂದಿರುಗುವ ಪೈಪನ್ನು ಬಿಚ್ಚಿ, ಆ ಜಾಗಕ್ಕೆ ಪೆಟ್ರೋಲಿಗೆಂದೇ ಮಾಡಿದ ಹೊಸ ಪೈಪ್ ಜೋಡಿಸಿ ಅದರ ತುದಿಯನ್ನು ಪೆಟ್ರೋಲ್ ಕ್ಯಾನಿಗೆ ಇಳಿಬಿಟ್ಟು ಕೆಲವೇ ಸೆಕೆಂಡು ಪಂಪ್ ಓಡಿಸಬೇಕು. ಈಗ ಗೇಜ್ 2.5ಕ್ಕೆ ಬಂದರೆ ರೆಗ್ಯುಲೇಟರ್ ನಿರ್ದೋಷಿ, ಅಡ್ಡಿ ಇರುವುದು ಟ್ಯಾಂಕಿನ ಕಡೆಗೆ. ಆಗಲೂ ಇಳಿಯದಿದ್ದರೆ ಮಾತ್ರ ರೆಗ್ಯುಲೇಟರನ್ನು ದೂರಬಹುದು. ಹಿಂದಿನ ಮಾಲೀಕರು ಶಕ್ತಿ ಹೆಚ್ಚಿರಲಿ ಎಂದು ದೊಡ್ಡ ಪಂಪ್ ಕೂರಿಸಿದ್ದರಂತೂ ಹಿಂದಿರುಗುವಷ್ಟು ಪೆಟ್ರೋಲನ್ನು ಹಳೆಯ ಸಣ್ಣ ಪೈಪ್ ಸಾಗಿಸಲಾರದು. ಹೀಗಾದಾಗ ಎಲ್ಲೂ ಏನೂ ಕಟ್ಟಿಕೊಂಡಿರದಿದ್ದರೂ ಒತ್ತಡ ಏರಿಯೇ ಇರುತ್ತದೆ.

ಇದಕ್ಕಿಂತ ಹಿಂದಿನ ಡಿ-ಜೆಟ್ರಾನಿಕ್ ಕಾರುಗಳಲ್ಲಿ ಒತ್ತಡ 2 ಬಾರ್ ಆಸುಪಾಸು ಇರುತ್ತದೆ, ರೆಗ್ಯುಲೇಟರಿಗೆ ತಿರುಗಿಸುವ ಸ್ಕ್ರೂ ಕೂಡ ಇದೆ. ಕಾರಣ ಹುಡುಕದೆ ಆ ಸ್ಕ್ರೂ ಸಡಿಲಿಸಿ ಮುಳ್ಳನ್ನು ಕೆಳಗಿಳಿಸುವುದು, ಜ್ವರ ಬಂದವನ ಥರ್ಮಾಮೀಟರನ್ನು ತಣ್ಣೀರಿಗೆ ಅದ್ದಿದಂತೆ ಎಂಬುದು ನನ್ನ ಅಭಿಪ್ರಾಯ.

ನನ್ನ ಕಾರಿನಲ್ಲಿ ಸಿಕ್ಕಿದ್ದು ಟ್ಯಾಂಕಿನ ಬಳಿಯ ಗೇಣುದ್ದದ ರಬ್ಬರ್ ಪೈಪ್. ಹೊರಗಿನಿಂದ ಅದು ಚೆನ್ನಾಗಿಯೇ ಇತ್ತು. ಬ್ಲೇಡಿನಿಂದ ಉದ್ದಕ್ಕೆ ಸೀಳಿದಾಗ ಒಳಪದರ ಉಬ್ಬಿ, ಎದ್ದು, ನಾಲಗೆಯಂತೆ ದಾರಿಗೆ ಅಡ್ಡ ಮಲಗಿತ್ತು. ಹೊಸ ಪೈಪ್ ಹಾಕಿ, ಪೆಟ್ಟಿಗೆಯಲ್ಲಿ ತೆಗೆದಿಟ್ಟಿದ್ದ ಮೂಲ ರೆಗ್ಯುಲೇಟರನ್ನೇ ಮತ್ತೆ ಕೂರಿಸಿದ್ದೇನೆ, ಗೇಜ್ 2.5ರಲ್ಲಿ ನಿಂತಿದೆ.

– ಹಳೆಯ ಕಾರೊಂದರ ಮಾಲೀಕ