ಶಾಲೆ ಶುರುವಾಗುವ ಮೊದಲು ಅಕ್ಕಪಕ್ಕದ ಮನೆಗಳಿಗೆ ನಿಮ್ಮ ನೆರವು ಬೇಕು

ಪ್ರೀತಿಯ ಅಕ್ಕ ಅಣ್ಣಂದಿರೇ,

ಕಷ್ಟದಲ್ಲಿರುವ ಮನೆಗಳಿಗೆ ನೆರವಾಗುವ ನಮ್ಮ ಚರ್ಚಿನ ವಿನ್ಸೆಂಟ್ ಡಿ ಪಾಲ್ ಸೊಸೈಟಿಯ ಸಭೆಯಲ್ಲಿ ದುಡ್ಡು ಹಾಕಲು ಒಂದು ಬಟ್ಟೆ ಚೀಲ ಕೈಯಿಂದ ಕೈಗೆ ಹೋಗುತ್ತದೆ. ಯಾರು ಎಷ್ಟು ಹಾಕಿದರು ಅಂತ ಯಾರೂ ನೋಡುವುದಿಲ್ಲ. ಉಳಿದ ತಿಂಗಳು ಆ ಚೀಲದಲ್ಲೇ ಹೇಗೋ ನಡೆಯುತ್ತದೆ. ಮೇ ಕೊನೆಗೆ ಮಾತ್ರ ಸಾಲುವುದಿಲ್ಲ, ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇವೆ.

ಸರ್ಕಾರಿ ಶಾಲೆಯಲ್ಲಿ ಪಠ್ಯಪುಸ್ತಕ, ಸಮವಸ್ತ್ರ ಕೊಡುತ್ತಾರೆ ನಿಜ. ಆದರೆ ನೋಟ್‌ಬುಕ್, ಬ್ಯಾಗು, ಕೊಡೆ ಎಲ್ಲ ಮನೆಯವರೇ ತರಬೇಕು, ದೊಡ್ಡ ಮಗಳು ಪಿಯುಸಿಗೆ ಸೇರುವವಳಾದರೆ ಫೀಸು ಬೇರೆ, ಸರಿಯಾಗಿ ಅದೇ ಹೊತ್ತಿಗೆ ಮಳೆ ಹಿಡಿದು ಅಪ್ಪನ ಗಾರೆ ಕೆಲಸವೂ ನಿಂತಿರುತ್ತದೆ.

ನಾವು ಇಬ್ಬಿಬ್ಬರಾಗಿ ಮನೆಗೇ ಹೋಗುತ್ತೇವೆ. ಅಕ್ಕಿ ಬೇಳೆ ಇಟ್ಟು ಓಡಿ ಬರುವುದಲ್ಲ, ಕೂತು ಮಾತಾಡುತ್ತೇವೆ. ಹಾಗೆ ಕೂತಾಗಲೇ ಕೆಲವು ಕಷ್ಟ ಗೊತ್ತಾಗೋದು. ಒಬ್ಬರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಉಚಿತ, ಆದರೆ ಮುಗಿದ ಮೇಲೆ ಬಸ್ಸಿನಲ್ಲಿ ನಿಂತು ಬರುವಷ್ಟು ಶಕ್ತಿ ಇರುವುದಿಲ್ಲ, ವಾರಕ್ಕೆ 3 ಸಲ ಆಟೋಗೆ ಕೊಡಲು ದುಡ್ಡೂ ಇಲ್ಲ. ಇದನ್ನು ಅವರು ಯಾರ ಹತ್ತಿರವೂ ಹೇಳಿರಲಿಲ್ಲ. ನಾವು ಹೋದದ್ದು ಮೂರನೇ ಸಲ, ಆಗ ಅವರ ಹೆಂಡತಿ ಹೇಳಿದರು.

ಈ ಮನೆ ಭೇಟಿ ನಾವು ಕಂಡುಹಿಡಿದದ್ದಲ್ಲ. 1833ರ ಏಪ್ರಿಲ್ 23ರಂದು ಪ್ಯಾರಿಸ್‌ನಲ್ಲಿ ಫ್ರೆಡ್ರಿಕ್ ಓಝನಾಂ ಮತ್ತು ಕೆಲವು ಗೆಳೆಯರು ಸೇರಿ ಈ ಸೊಸೈಟಿಯನ್ನು ಶುರು ಮಾಡಿದರು. ಓಝನಾಂಗೆ ಅವತ್ತಿಗೆ ಬರೀ 20 ತುಂಬಿತ್ತು, ಕಾಲೇಜು ಹುಡುಗ. ನಿಮ್ಮ ಚರ್ಚು ಈಗ ಬಡವರಿಗೆ ಏನು ಮಾಡುತ್ತಿದೆ ಅಂತ ಯಾರೋ ಕೇಳಿದ ಪ್ರಶ್ನೆ ಅವರನ್ನು ಚುಚ್ಚಿತ್ತು. ಯಾವ ಮನೆಗೆ ಹೋಗಬೇಕು, ಹೋದಲ್ಲಿ ಹೇಗೆ ನಡೆದುಕೊಳ್ಳಬೇಕು ಅಂತ ಕಲಿಸಿದವರು ಅಲ್ಲಿನ ಬಡವರ ನಡುವೆ ಕೆಲಸ ಮಾಡುತ್ತಿದ್ದ ಸನ್ಯಾಸಿನಿ ಸಿಸ್ಟರ್ ರೋಸಲಿ ರೆಂಡು. ಅವರ ಊರು ಬೇರೆ, ಕಾಲ ಬೇರೆ, ಆದರೂ ನಮ್ಮ ಬೀದಿಯಲ್ಲಿ ಬಾಗಿಲು ತಟ್ಟುವಾಗ ಅದೇ ಕೆಲಸ ಅನ್ನಿಸುತ್ತದೆ.

ಮನೆಯವರ ಜಾತಿ, ಧರ್ಮ ಕೇಳುವುದಿಲ್ಲ. ಕೊಡುವಾಗ ಫೋಟೊ ತೆಗೆಯುವುದಿಲ್ಲ. ತೆಗೆದರೆ ಜಾಸ್ತಿ ದುಡ್ಡು ಬರುತ್ತದೆ ಅಂತ ಕೆಲವರು ಹೇಳಿದರು, ಆದರೆ ಆ ಮಗು ನಾಳೆ ಅದೇ ಬ್ಯಾಗು ಹಾಕಿಕೊಂಡು ಕ್ಲಾಸಿನಲ್ಲಿ ಕೂರಬೇಕಲ್ವಾ?

ದುಡ್ಡು ಕೊಡುವವರು ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಬಾಗಿಲ ಬಳಿ ನಮ್ಮ ಮೇಜಿಗೆ ಬನ್ನಿ, ರಸೀದಿ ಬರೆದುಕೊಡುತ್ತೇವೆ. ಹೆಸರು ಬೇಡ ಅನ್ನುವವರಿಗೆ ಪಕ್ಕದಲ್ಲೇ ಪೆಟ್ಟಿಗೆ ಇದೆ. ನೂರು ರೂಪಾಯಿ ಆದರೂ ಸಂಕೋಚ ಬೇಡ. ನೋಟ್‌ಬುಕ್ ಕೊಡುವುದಾದರೆ 200 ಪುಟದ್ದು, ಗೆರೆ ಇರುವುದು ಕೊಡಿ, ಅದೇ ಜಾಸ್ತಿ ಬೇಕಾಗುವುದು. ಹಳೇ ಬ್ಯಾಗು ದಯವಿಟ್ಟು ಬೇಡ, ಮಕ್ಕಳಿಗೆ ಹೊಸದೇ ಕೊಡೋಣ.

ದುಡ್ಡು ಆಗದಿದ್ದರೆ ಶನಿವಾರ ಸಂಜೆ ಒಂದು ಗಂಟೆ ನಮ್ಮ ಜೊತೆ ಬನ್ನಿ. ನಿಮ್ಮ ಬೀದಿಯಲ್ಲಿ ಕೇಳಲು ನಾಚಿಕೊಳ್ಳುವ ಮನೆ ಇದ್ದರೆ ನಮಗೆ ಕಿವಿಯಲ್ಲಿ ಹೇಳಿ ಸಾಕು, ನಿಮ್ಮ ಹೆಸರು ಹೇಳದೆ ಹೋಗಿ ಬರುತ್ತೇವೆ.